ಬೆಲೆ ಯಾಕೆ ಇಳಿದಿದೆ, ಅದನ್ನು ಮೊದಲು ಪತ್ತೆ ಮಾಡಿ: ಬೆಂಗಳೂರಿನ ಡಿಸ್ಕೌಂಟ್ ಅಂಗಡಿಗಳಲ್ಲಿ ಕೊಳ್ಳುವ ಬಗೆ

ಅರ್ಧ ಬೆಲೆ ಎಂದು ಬೋರ್ಡು ಹಾಕಿದವರು ನಷ್ಟಕ್ಕೆ ಮಾರಲು ಅಂಗಡಿ ತೆರೆದಿರುವುದಿಲ್ಲ. ಬೆಲೆ ಇಳಿದಿದ್ದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣದಿಂದ ನಿಮಗೆ ತೊಂದರೆ ಇಲ್ಲವೆಂದಾದರೆ ಮಾಲು ನಿಜವಾಗಿಯೂ ಅಗ್ಗ, ತೊಂದರೆ ಇದ್ದರೆ ಕೊಟ್ಟ ಅರ್ಧ ದುಡ್ಡೂ ದಂಡ. ಆದ್ದರಿಂದ ಎಷ್ಟು ಪರ್ಸೆಂಟ್ ಎಂದು ನೋಡುವ ಮುಂಚೆ ಯಾಕೆ ಎಂದು ನೋಡಬೇಕು.

ಕಾರಣಗಳು ಬಹಳ ಇಲ್ಲ. ಸೀಸನ್ ಮುಗಿದಿರುತ್ತದೆ, ಅಥವಾ ಎಲ್ಲರಿಗೂ ಆಗುವ ಸೈಜುಗಳು ಖಾಲಿಯಾಗಿ ತೀರ ಚಿಕ್ಕದು, ತೀರ ದೊಡ್ಡದು ಮಾತ್ರ ಉಳಿದಿರುತ್ತದೆ, ಅಥವಾ ಹೊಸ ಮಾಡೆಲ್ ಬಂದಿರುತ್ತದೆ. ಇವು ಕೊಳ್ಳುವವರ ಪಾಲಿಗೆ ಒಳ್ಳೆಯ ಕಾರಣಗಳು. ಅಂಗಡಿಯೇ ಕಡಿಮೆ ಲಾಭ ಇಟ್ಟುಕೊಂಡು ಹೆಚ್ಚು ಮಾಲು ತಿರುಗಿಸುವ ಜಾತಿಯದಾದರೆ ಅದೂ ಒಳ್ಳೆಯದೇ. ಡಿ-ಮಾರ್ಟ್‌ನಲ್ಲಿ ವರ್ಷವಿಡೀ ಎಂಆರ್‌ಪಿಗಿಂತ ಕಡಿಮೆ ಇರುವುದು, ಜುಡಿಯೊದಲ್ಲಿ ಸ್ವಂತ ಬ್ರ್ಯಾಂಡಿನ ಬಟ್ಟೆಗೆ ಮೊದಲೇ ಕಡಿಮೆ ಬೆಲೆ ನಿಗದಿ ಮಾಡಿರುವುದು ಈ ಲೆಕ್ಕದ ಮೇಲೆ. ಎಚ್ಚರ ಬೇಕಾದದ್ದು ಉಳಿದ ನಾಲ್ಕು ಕಾರಣಗಳಿಗೆ: ಸೆಕೆಂಡ್ಸ್ ಮಾಲು (ದೋಷ ಕಂಡು ಪಕ್ಕಕ್ಕಿಟ್ಟದ್ದು), ತಾರೀಖು ಹತ್ತಿರ ಬಂದದ್ದು, ಗೋಡೌನಿನಲ್ಲಿ ವರ್ಷಗಟ್ಟಲೆ ಕೂತದ್ದು, ಮತ್ತು ಔಟ್‌ಲೆಟ್ಟಿಗೆಂದೇ ಕಡಿಮೆ ದರ್ಜೆಯಲ್ಲಿ ಹೊಲಿದು ಎಂಆರ್‌ಪಿ ಮಾತ್ರ ಮೇಲೆ ಮುದ್ರಿಸಿದ್ದು. ಕೊನೆಯದರಲ್ಲಿ ರಿಯಾಯಿತಿಯೇ ಇಲ್ಲ. ಆ ಬಟ್ಟೆಯ ನಿಜವಾದ ಬೆಲೆಯೇ ಅಷ್ಟು.

ಹೊರಡುವ ಮುನ್ನ

ಹೋಗಿ ಬರುವ ಖರ್ಚನ್ನು ಸಾಮಾನಿನ ಬೆಲೆಗೆ ಸೇರಿಸಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋ ಮೀಟರ್ ಮೊದಲ 2 ಕಿಲೋಮೀಟರಿಗೆ ₹36, ಆಮೇಲೆ ಕಿಲೋಮೀಟರಿಗೆ ₹18. ಮನೆಯಿಂದ 7 ಕಿಲೋಮೀಟರ್ ದೂರದ ಅಂಗಡಿಗೆ ಮೀಟರ್ ಹಾಕಿಯೇ ಹೋದರೂ ₹126, ಹೋಗಿ ಬರಲು ₹252. (ಮೀಟರ್ ಹಾಕುವ ಆಟೋ ಸಿಗುತ್ತದೋ ಇಲ್ಲವೋ, ಅದು ಬೇರೆ ಮಾತು.) ದಿನಸಿಯಲ್ಲಿ 10% ಉಳಿಯುತ್ತದೆ ಎಂದಿಟ್ಟುಕೊಂಡರೂ ₹2,520ರ ಸಾಮಾನು ಕೊಂಡ ಮೇಲಷ್ಟೇ ಉಳಿತಾಯ ಶುರುವಾಗುತ್ತದೆ. ಅರ್ಧ ಕೆಜಿ ಬೇಳೆ, ಒಂದು ಸೋಪಿಗಾದರೆ ಪಕ್ಕದ ಬೀದಿಯ ಶೆಟ್ಟರ ಅಂಗಡಿಯೇ ಅಗ್ಗ.

ಬಟ್ಟೆಗೆ ಕಾಯಬೇಕಾದ ಕಾಲ ಎರಡು. ಆಷಾಢದಲ್ಲಿ ಮದುವೆ ಮುಂಜಿ ಇಲ್ಲದೆ ವ್ಯಾಪಾರ ಬೀಳುತ್ತದೆ, ಬ್ರ್ಯಾಂಡ್ ಅಂಗಡಿಗಳ ಬೇಸಿಗೆ ಸ್ಟಾಕು ಖಾಲಿ ಮಾಡುವ ಸಮಯವೂ ಅದೇ. ಎರಡನೆಯದು ಡಿಸೆಂಬರ್ ಕೊನೆಯಿಂದ ಸಂಕ್ರಾಂತಿ ದಾಟುವವರೆಗೆ. ಸೇಲಿನ ಮೊದಲ ವಾರ ರಿಯಾಯಿತಿ ಕಡಿಮೆ, ಸೈಜು ಜಾಸ್ತಿ. ಕೊನೆಯ ವಾರ ಇದರ ತಿರುವುಮುರುವು. ಸಾಮಾನ್ಯ ಸೈಜಿನವರು ಮೊದಲ ವಾರವೇ ಹೋಗಬೇಕು. 28ರ ಸೊಂಟ, 44ರ ಸೊಂಟದವರು ಆರಾಮವಾಗಿ ಕೊನೆಯ ವಾರ ಹೋಗಬಹುದು. ದಿನಸಿಗೆ ತಿಂಗಳ ಮೊದಲ ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಬೆಳಿಗ್ಗೆ ಹೋಗಿ. ಕ್ಯೂ ಉದ್ದವಾದಷ್ಟೂ ಟ್ರಾಲಿಗೆ ಬೇಡದ ಸಾಮಾನು ಬೀಳುತ್ತದೆ. ಬಿಲ್ಲಿಂಗ್ ಕೌಂಟರಿನ ಪಕ್ಕ ಚಾಕಲೇಟು, ಬ್ಯಾಟರಿ ಜೋಡಿಸಿರುವುದೇ ಅದಕ್ಕೆ.

ಕೈಯಲ್ಲಿ ಇರಬೇಕಾದ್ದು: ಕೊಳ್ಳುವ ಸಾಮಾನಿನ ಚೀಟಿ, ಬಟ್ಟೆ ಚೀಲ, ಹೊಲಿಗೆಯವರ ಇಂಚಿನ ಟೇಪು, ಒಂದು ಬಿಳಿ ಕರವಸ್ತ್ರ.

ಬೋರ್ಡಿನ ಲೆಕ್ಕ

‘50% + 20%’ ಅಂದರೆ 70% ಅಲ್ಲ. ₹2,000ದ ಪ್ಯಾಂಟಿಗೆ ಮೊದಲು 50% ಹೋಗಿ ₹1,000 ಆಗುತ್ತದೆ, ಆ ₹1,000ದ ಮೇಲೆ 20% ಹೋಗಿ ₹800. ಒಟ್ಟು ರಿಯಾಯಿತಿ 60%. ‘ಎರಡು ಕೊಂಡರೆ ಒಂದು ಫ್ರೀ’ ಕೇಳಲು 33%. ಆದರೆ ಫ್ರೀ ಬರುವುದು ಮೂರರಲ್ಲಿ ಅತಿ ಕಡಿಮೆ ಬೆಲೆಯದು. ₹1,499, ₹1,299, ₹799ರ ಮೂರು ಅಂಗಿ ತೆಗೆದರೆ ₹3,597ರಲ್ಲಿ ₹799 ಬಿಡುತ್ತಾರೆ, ಅಂದರೆ ಬರೀ 22%. ಇಂಥ ಆಫರಿನಲ್ಲಿ ಮೂರೂ ಒಂದೇ ಬೆಲೆಯವನ್ನು ಆರಿಸಿ. ಮೂರು ಬೇಡವಾದರೆ ಆಫರನ್ನೇ ಮರೆತುಬಿಡಿ, ಇಲ್ಲವೇ ಪರಿಚಯದವರ ಜೊತೆ ಹೋಗಿ ಒಂದೇ ಬಿಲ್ಲು ಮಾಡಿಸಿ ಹಂಚಿಕೊಳ್ಳಿ.

ವೋಚರ್ ಆಫರು ಇನ್ನೂ ಜಾಣತನದ್ದು. ‘₹2,999ಕ್ಕೆ ಕೊಂಡರೆ ₹500ರ ವೋಚರ್’ ಎಂದಿರುತ್ತದೆ. ವೋಚರಿನ ಹಿಂದೆ ಸಣ್ಣ ಅಕ್ಷರದಲ್ಲಿ, ಮುಂದಿನ ಖರೀದಿ ಕನಿಷ್ಠ ₹2,000 ಇರಬೇಕು ಎಂದಿರುತ್ತದೆ. ₹4,999ರ ವ್ಯಾಪಾರಕ್ಕೆ ₹500 ಬಿಟ್ಟಂತಾಯಿತು, 10%. ಅದೂ ವೋಚರಿನ ಅವಧಿಯೊಳಗೆ ಮತ್ತೆ ಅದೇ ಅಂಗಡಿಗೆ ಹೋದರೆ ಮಾತ್ರ.

ದಿನಸಿ

ಇಲ್ಲಿ ನೋಡಬೇಕಾದದ್ದು ಪ್ಯಾಕೆಟ್ಟಿನ ಬೆಲೆಯನ್ನಲ್ಲ, ಗ್ರಾಮಿನ ಬೆಲೆಯನ್ನು. ಎಂಆರ್‌ಪಿ ಹತ್ತಿರವೇ ಗ್ರಾಮಿಗೆ, ಕೆಜಿಗೆ ಅಥವಾ ಮಿಲಿಲೀಟರಿಗೆ ಎಷ್ಟು ಎಂದು ಮುದ್ರಿಸಿರುತ್ತಾರೆ. ಆದರೆ ಅದು ಎಂಆರ್‌ಪಿ ಮೇಲಿನ ಲೆಕ್ಕ. ಅಂಗಡಿಯ ಬೆಲೆಗೆ ಮೊಬೈಲಿನಲ್ಲಿ ನೀವೇ ಭಾಗಿಸಿಕೊಳ್ಳಬೇಕು. ಅಡುಗೆ ಎಣ್ಣೆಯಲ್ಲಿ ಇದು ತುಂಬ ಮುಖ್ಯ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಇಂತಿಷ್ಟೇ ಅಳತೆಯಲ್ಲಿ ಪ್ಯಾಕ್ ಮಾಡಬೇಕೆಂಬ ನಿಯಮ 2022ರಲ್ಲಿ ಹೋದ ಮೇಲೆ 850 ಗ್ರಾಂ, 800 ಗ್ರಾಂ ಪೌಚುಗಳೂ ಬಂದಿವೆ. ನೋಡಲು ಲೀಟರ್ ಪೌಚಿನಷ್ಟೇ ದಪ್ಪ. ಲೀಟರ್ ಪೌಚು ₹150, ಪಕ್ಕದ 850 ಗ್ರಾಮಿನದು ₹142 ಎಂದುಕೊಳ್ಳಿ. ಮೊದಲನೆಯದು ಕೆಜಿಗೆ ₹165, ಎರಡನೆಯದು ₹167. ಎಂಟು ರೂಪಾಯಿ ಕಡಿಮೆ ಕಂಡದ್ದೇ ಹೆಚ್ಚು ಬೆಲೆಯದು.

ದೊಡ್ಡ ಪ್ಯಾಕೇ ಅಗ್ಗ ಎಂಬುದೂ ಎಲ್ಲ ಕಡೆ ನಿಜವಲ್ಲ. ಶಾಂಪೂವಿನಲ್ಲಿ ಎಷ್ಟೋ ಸಲ ಸ್ಯಾಶೆಯ ಮಿಲಿಲೀಟರ್ ಬೆಲೆ ಬಾಟಲಿಗಿಂತ ಕಡಿಮೆ ಇರುತ್ತದೆ.

ಒಂದು ಕೊಂಡರೆ ಒಂದು ಫ್ರೀ ಎಂದು ಜೂಸು, ಓಟ್ಸು, ಕುರುಕಲು ತಿಂಡಿ ರಾಶಿ ಹಾಕಿದ್ದರೆ ಮೊದಲು ತಾರೀಖು ನೋಡಿ. ಎರಡೂ ಪ್ಯಾಕಿನದು ನೋಡಿ, ಟೇಪು ಸುತ್ತಿ ಜೋಡಿಸಿದ ಜೋಡಿಯಲ್ಲಿ ಫ್ರೀ ಪ್ಯಾಕಿನ ತಾರೀಖು ಬೇರೆ ಇರಬಹುದು. ಟೇಪಿನ ಕೆಳಗೆ ತಾರೀಖು ಮುಚ್ಚಿಹೋಗಿದ್ದರೆ ಬಿಚ್ಚಿ ತೋರಿಸಿ ಎನ್ನಿ. ಶೆಲ್ಫಿನಲ್ಲಿ ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸುವುದು ಎಲ್ಲ ಸೂಪರ್ ಮಾರ್ಕೆಟ್ಟಿನ ಪದ್ಧತಿ. ಹಾಲು, ಮೊಸರು, ಬ್ರೆಡ್ಡನ್ನು ಹಿಂದಿನ ಸಾಲಿನಿಂದ ತೆಗೆಯಲು ಸಂಕೋಚ ಬೇಡ.

ಸಗಟಿನಲ್ಲಿ ಯಾವುದನ್ನು ಕೊಳ್ಳಬಹುದು? ಅಕ್ಕಿ ಕೊಳ್ಳಬಹುದು, ಸೋನಾಮಸೂರಿ ಹಳೆಯದಾದಷ್ಟೂ ಅನ್ನ ಉದುರುದುರು. ಸೋಪು, ಉಪ್ಪು, ಸಕ್ಕರೆಯೂ ಸರಿ. ತೊಗರಿಬೇಳೆ ಹಾಗಲ್ಲ. ತಿಂಗಳುಗಟ್ಟಲೆ ಕೂತ ಬೇಳೆ ಬೇಗ ಬೇಯುವುದಿಲ್ಲ, ಕುಕ್ಕರಿನ ವಿಷಲ್ ಜಾಸ್ತಿಯಾಗಿ ಉಳಿಸಿದ ದುಡ್ಡು ಗ್ಯಾಸಿಗೆ ಹೋಗುತ್ತದೆ. ರವೆ, ಮೈದಾ, ಕಡಲೆಹಿಟ್ಟು ಮಳೆಗಾಲದಲ್ಲಿ ಒಂದು ತಿಂಗಳಿಗಾಗುವಷ್ಟು ಸಾಕು. ಹೆಚ್ಚು ತಂದರೆ ಹುಳ ಬೀಳುತ್ತದೆ, ಯಾಕೆಂದರೆ ಮೊಟ್ಟೆ ಗಿರಣಿಯಿಂದಲೇ ಬಂದಿರಬಹುದು. ಆಫರಿಗೆ ಸೋತು ತಂದೇಬಿಟ್ಟರೆ ಪ್ಯಾಕೆಟ್ಟು ಒಡೆಯದೆ ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಹೊರಗಿನ ಉಷ್ಣಕ್ಕೆ ಬಂದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಕಡಲೆಬೀಜ, ಗೋಡಂಬಿ ಬಿಸಿಲು ಬೀಳುವ ಶೆಲ್ಫಿನಲ್ಲಿದ್ದರೆ ಬೇಡ, ಕಮಟು ಹಿಡಿದಿರುತ್ತದೆ.

ಬಟ್ಟೆ

ಮಾರತ್ತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್ಟುಗಳು, ಬಡಾವಣೆಗಳಲ್ಲಿ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂದು ಬೋರ್ಡು ಹಾಕಿದ ಮಳಿಗೆಗಳು ಈ ಊರಿಗೆ ಸಹಜ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಇರುವ ಊರಿದು. ಆದರೆ ಸರ್‌ಪ್ಲಸ್ ಬೇರೆ, ರಿಜೆಕ್ಟ್ ಬೇರೆ. ಆರ್ಡರಿಗಿಂತ ಹೆಚ್ಚು ಹೊಲಿದದ್ದು ಸರ್‌ಪ್ಲಸ್, ಅದರಲ್ಲಿ ದೋಷ ಇರುವುದಿಲ್ಲ. ಚೆಕಿಂಗ್‌ನಲ್ಲಿ ಬಿದ್ದದ್ದು ರಿಜೆಕ್ಟ್. ಬ್ರ್ಯಾಂಡಿನ ಲೇಬಲ್ಲು ಎರಡರಲ್ಲೂ ಕತ್ತರಿಸಿರಬಹುದಾದ್ದರಿಂದ ಲೇಬಲ್ ನೋಡಿ ತಿಳಿಯುವುದಿಲ್ಲ, ಬಟ್ಟೆಯನ್ನೇ ಕೇಳಬೇಕು.

ಟೀ ಶರ್ಟನ್ನು ಎರಡೂ ಭುಜದ ಹೊಲಿಗೆ ಹಿಡಿದು ಎದುರಿಗೆ ತೂಗಿಬಿಡಿ. ಪಕ್ಕದ ಹೊಲಿಗೆ ನೇರ ಕೆಳಗಿಳಿಯಬೇಕು. ತಿರುಚಿಕೊಂಡು ಹೊಟ್ಟೆಯ ಕಡೆ ಬಂದಿದ್ದರೆ ಹೆಣಿಗೆ ಬಟ್ಟೆ ಓರೆಯಾಗಿದೆ. ಇಸ್ತ್ರಿ ಅದನ್ನು ಅಂಗಡಿಯಲ್ಲಿ ಮುಚ್ಚಿಟ್ಟಿರುತ್ತದೆ, ಎರಡು ಒಗೆತಕ್ಕೆ ಇನ್ನಷ್ಟು ತಿರುಚುತ್ತದೆ. ಇದಕ್ಕೆ ಯಾವ ಟೈಲರ್ ಬಳಿಯೂ ಮದ್ದಿಲ್ಲ.

ಅಂಗಿಯಲ್ಲಿ ಮೊದಲು ಕಾಲರ್. ಒಳಗಿನ ಕ್ಯಾನ್ವಾಸನ್ನು ಬಿಸಿಯಲ್ಲಿ ಅಂಟಿಸಿರುತ್ತಾರೆ. ಬೆರಳುಗಳ ನಡುವೆ ಹಿಡಿದು ಉಜ್ಜಿದಾಗ ಎರಡು ಪದರ ಬೇರೆ ಬೇರೆ ಜಾರಿದರೆ, ಅಥವಾ ಮೇಲೆ ಸಣ್ಣ ಗುಳ್ಳೆ ಕಂಡರೆ, ಅಂಟು ಬಿಟ್ಟಿದೆ. ಒಗೆದ ಮೇಲೆ ಕಾಲರ್ ಅಪ್ಪಳದ ಹಾಗೆ ಉಬ್ಬುತ್ತದೆ. ಆಮೇಲೆ ಅಂಗಿಯನ್ನು ಬಾಗಿಲ ಹತ್ತಿರ, ಹಗಲು ಬೆಳಕಿಗೆ ತಂದು ತೋಳಿನ ಬಣ್ಣ, ಮೈಯ ಬಣ್ಣ ಒಂದೇ ಇದೆಯೇ ನೋಡಿ. ಬೇರೆ ಬೇರೆ ಥಾನಿನ ಬಟ್ಟೆ ಸೇರಿಹೋದರೆ ಛಾಯೆ ಬದಲಾಗುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಅದು ಕಾಣುವುದಿಲ್ಲ. ಕಂಕುಳ ಮತ್ತು ಪ್ಯಾಂಟಿನ ಕವಲಿನ ಹೊಲಿಗೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಎಳೆಯಿರಿ. ದಾರದ ನಡುವೆ ಬೆಳಕು ಕಂಡರೆ ಬಿಡಿ. ಬಿಟ್ಟುಹೋದ ಗುಂಡಿ, ತುದಿ ಬಿಚ್ಚಿದ ಮಡಿಕೆ, ಉಳಿದ ದಾರ ಇವೆಲ್ಲ ಸಣ್ಣ ದೋಷ, ಮನೆಯಲ್ಲೇ ಸರಿಯಾಗುತ್ತವೆ. ಬೆಲೆ ಇಳಿಸಲು ಅವನ್ನೇ ತೋರಿಸಿ ಕೇಳಬಹುದು. ಸೂಜಿ ತೂತು, ಮೆಷಿನ್ ಎಣ್ಣೆಯ ಕಲೆ, ಜಿಪ್ಪಿನ ಹಲ್ಲು ಕೂರದಿರುವುದು ಸಣ್ಣ ದೋಷ ಅಲ್ಲ.

ಬಣ್ಣ ಬಿಡುತ್ತದೆಯೇ ತಿಳಿಯಲು ಬಿಳಿ ಕರವಸ್ತ್ರದ ಮೂಲೆಯನ್ನು ಒದ್ದೆ ಮಾಡಿ ಒಳಬದಿಯ ಮಡಿಕೆಯ ಮೇಲೆ ಹತ್ತು ಸಲ ಉಜ್ಜಿ. ಕಪ್ಪು, ಕಡುಗೆಂಪು, ಇಂಡಿಗೋ ಜೀನ್ಸ್ ಸ್ವಲ್ಪ ಬಿಡುವುದು ಸಹಜ. ತಿಳಿಬಣ್ಣ ಬಿಟ್ಟರೆ ಕೊಳ್ಳಬೇಡಿ.

ಲೇಬಲ್ಲಿನ ಸೈಜನ್ನು ಸೆಕೆಂಡ್ಸ್‌ನಲ್ಲಿ ನಂಬುವಂತಿಲ್ಲ, ತಪ್ಪು ಅಳತೆಗೆ ರಿಜೆಕ್ಟ್ ಆದದ್ದೂ ಅದರಲ್ಲಿರುತ್ತದೆ. ಮನೆಯಲ್ಲಿ ನಿಮಗೆ ಸರಿಯಾಗಿ ಕೂರುವ ಅಂಗಿಯ ಎದೆಯಗಲ, ಉದ್ದ, ಪ್ಯಾಂಟಿನ ಸೊಂಟ, ತೊಡೆ, ಒಳಗಾಲಿನ ಅಳತೆ ಬರೆದುಕೊಂಡು ಹೋಗಿ ಟೇಪು ಹಿಡಿದು ನೋಡಿ. ಟ್ರಯಲ್ ರೂಮಿನ ಮುಂದೆ ನಿಲ್ಲುವುದೂ ತಪ್ಪುತ್ತದೆ. ಸಡಿಲವನ್ನು ಟೈಲರ್ ಹಿಡಿದು ಕೊಡುತ್ತಾರೆ, ಬಿಗಿಯನ್ನು ಬಿಡಿಸಲು ಒಳಗೆ ಬಟ್ಟೆ ಇರಬೇಕು. ಪ್ಯಾಂಟಿನ ಹಿಂದಿನ ಹೊಲಿಗೆಯ ಒಳಗೆ ಎರಡೂ ಕಡೆ ಅರ್ಧರ್ಧ ಇಂಚಾದರೂ ಹೆಚ್ಚುವರಿ ಇದೆಯೇ ನೋಡಿ. ಒಳಉಡುಪು, ಸ್ಟ್ರೆಚ್ ಜೀನ್ಸಿನ ಇಲಾಸ್ಟಿಕ್ಕು ಗೋಡೌನಿನಲ್ಲಿ ಕೂತರೂ ಸಾಯುತ್ತದೆ. ಎಳೆದು ಬಿಟ್ಟಾಗ ಚಟಪಟ ಸದ್ದು ಬಂದರೆ, ಅಥವಾ ಮೊದಲಿನ ಅಳತೆಗೆ ಮರಳದಿದ್ದರೆ, ಅದರ ಆಯಸ್ಸು ಮುಗಿದಿದೆ.

ಶೂ

ಡಿಸ್ಕೌಂಟ್ ಖರೀದಿಯಲ್ಲಿ ಅತಿ ಹೆಚ್ಚು ದುಡ್ಡು ಕಳೆಯುವುದು ಇಲ್ಲೇ. ₹5,000ದ ಸ್ಪೋರ್ಟ್ಸ್ ಶೂ ₹1,800ಕ್ಕೆ ಸಿಕ್ಕಿತೆಂದು ತಂದರೆ ಮೂರನೇ ವಾರ ನಡೆಯುತ್ತಿದ್ದ ಹಾಗೇ ಅಡಿಭಾಗ ಪುಡಿಪುಡಿಯಾಗಿ ಉದುರಬಹುದು. ಎಷ್ಟೋ ಶೂಗಳ ನಡುವಿನ ಮೆತ್ತೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ಗಾಳಿಯ ತೇವ ಆ ಪ್ಲಾಸ್ಟಿಕ್ಕಿನ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಕತ್ತರಿಸುತ್ತದೆ. ಕಾಲಿಗೆ ಹಾಕದಿದ್ದರೂ, ಡಬ್ಬಿಯೊಳಗೇ ಇದ್ದರೂ ಇದು ನಡೆಯುತ್ತಲೇ ಇರುತ್ತದೆ. ಹೊರಗಿಂದ ಶೂ ಹೊಸದು, ಒಳಗಿಂದ ಮುದಿ.

ಪತ್ತೆ ಮಾಡುವುದು ಹೀಗೆ. ಡಬ್ಬಿಯ ಮೇಲಿನ ತಯಾರಿಕೆ ಅಥವಾ ಆಮದಿನ ತಿಂಗಳು, ವರ್ಷ ನೋಡಿ. ಡಬ್ಬಿ ಬದಲಾಗಿರಬಹುದು, ಆದ್ದರಿಂದ ಶೂವಿನ ನಾಲಿಗೆಯ ಒಳಗಿನ ಚಿಕ್ಕ ಲೇಬಲ್ಲನ್ನೂ ನೋಡಿ, ಬಹಳ ಬ್ರ್ಯಾಂಡುಗಳು ಅಲ್ಲಿಯೂ ತಾರೀಖು ಮುದ್ರಿಸುತ್ತವೆ. ಮೂರು ವರ್ಷ ದಾಟಿದ್ದರೆ ಎಷ್ಟು ಅಗ್ಗವಾದರೂ ಬೇಡ. ಆಮೇಲೆ ಅಡಿಯ ಬಿಳಿ ಮೆತ್ತೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ತಕ್ಷಣ ಮರಳಿ ಉಬ್ಬಬೇಕು. ಗುಳಿ ಹಾಗೇ ಉಳಿದರೆ, ಉಗುರು ಎಳೆದಾಗ ಪುಡಿ ಬಂದರೆ, ಮೇಲ್ಮೈ ಅಂಟಂಟಾಗಿದ್ದರೆ ಕೆಳಗಿಡಿ. ಕೊನೆಗೆ ಮುಂಗಾಲಿನ ಹತ್ತಿರ ಬಗ್ಗಿಸಿ ಮೇಲಿನ ಬಟ್ಟೆ, ಅಡಿ ಕೂಡುವ ಗೆರೆ ನೋಡಿ. ಅಂಟು ಬಾಯಿಬಿಟ್ಟಿದ್ದರೆ ಅಲ್ಲಿ ತಿಳಿಯುತ್ತದೆ. ಇವಿಎ ಎಂಬ ಇನ್ನೊಂದು ಬಗೆಯ ಮೆತ್ತೆಯ ಶೂಗಳು ಹೀಗೆ ಪುಡಿಯಾಗುವುದಿಲ್ಲ, ಅವುಗಳಲ್ಲಿ ಹೆಚ್ಚಾಗಿ ಕೈಕೊಡುವುದು ಅಂಟು, ಅದನ್ನು ಚಪ್ಪಲಿ ಹೊಲಿಯುವವರು ಸುತ್ತ ಹೊಲಿಗೆ ಹಾಕಿ ಸರಿಮಾಡುತ್ತಾರೆ.

ಎಡ, ಬಲ ಎರಡನ್ನೂ ಹಾಕಿ ನಡೆದು ನೋಡಿ. ಡಿಸ್‌ಪ್ಲೇಯಲ್ಲಿ ಇಟ್ಟ ಒಂದು ಕಾಲು ಬೆಳಕಿಗೆ ಬಣ್ಣ ಕಳೆದುಕೊಂಡಿರಬಹುದು, ರಾಶಿಯಲ್ಲಿ 8 ಮತ್ತು 9 ಜೋಡಿಯಾಗಿರುವುದೂ ಉಂಟು. ತಂದ ವಾರದಲ್ಲೇ ಹಾಕಿ ಓಡಾಡಿ. ಹಬ್ಬಕ್ಕೆಂದು ಎತ್ತಿಟ್ಟರೆ ಬದಲಾಯಿಸುವ ಅವಧಿ ಮುಗಿದಿರುತ್ತದೆ.

ಕರೆಂಟು ಸಾಮಾನು, ಅಡುಗೆಮನೆ ಸಾಮಾನು

ಎಸಿ, ಫ್ರಿಜ್ಜಿನ ಸ್ಟಾರ್ ಲೇಬಲ್ಲಿನಲ್ಲಿ ಯಾವ ಅವಧಿಯ ಲೇಬಲ್ ಎಂದು ಮುದ್ರಿಸಿರುತ್ತದೆ. 2022ರ ಜುಲೈನಲ್ಲಿ ಎಸಿಗಳ ಮಾನದಂಡ ಬಿಗಿಯಾದಾಗ ಹಳೆಯ 5 ಸ್ಟಾರ್ ಹೊಸ ಲೆಕ್ಕದಲ್ಲಿ 4 ಸ್ಟಾರ್ ಆಯಿತು. ಆದ್ದರಿಂದ ಹಳೆ ಸ್ಟಾಕಿನ ನಕ್ಷತ್ರ ಎಣಿಸದೆ ಲೇಬಲ್ಲಿನಲ್ಲಿರುವ ವರ್ಷದ ಯೂನಿಟ್ಟುಗಳನ್ನು ಹೋಲಿಸಿ.

ಕುಕ್ಕರು, ಇಸ್ತ್ರಿ ಪೆಟ್ಟಿಗೆ, ಹೆಲ್ಮೆಟ್ಟಿನ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಚಾರ್ಜರು, ಪವರ್ ಬ್ಯಾಂಕಿನ ಮೇಲೆ ಆರ್ ಅಕ್ಷರ, ಮುಂದೆ 8 ಅಂಕಿ. ಆಟಿಕೆಗಳಿಗೂ 2021ರ ಜನವರಿ 1ರಿಂದ ಬಿಐಎಸ್ (ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ) ಗುರುತು ಕಡ್ಡಾಯ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಸಂಖ್ಯೆ ಹಾಕಿದರೆ ಯಾವ ಕಂಪನಿಯ, ಯಾವ ವಸ್ತುವಿನ ಲೈಸೆನ್ಸ್ ಎಂದು ಬರುತ್ತದೆ. ಹೆಸರು ಹೊಂದದಿದ್ದರೆ ಗುರುತು ನಕಲಿ.

ಡಿಸ್‌ಪ್ಲೇ ಪೀಸು, ಓಪನ್ ಬಾಕ್ಸ್ ಮಾಲಿಗೆ ಮೂರು ಪ್ರಶ್ನೆ ಕೇಳಿ: ವಾರಂಟಿ ಕಂಪನಿಯದೋ ಅಂಗಡಿಯದೋ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕುತ್ತೀರೋ, ಇಲ್ಲೇ ಓಡಿಸಿ ತೋರಿಸುತ್ತೀರೋ. ಮಿಕ್ಸಿಯನ್ನು ಜಾರಿಗೆ ನೀರು ಹಾಕಿ ಒಂದು ನಿಮಿಷ ಓಡಿಸಿದರೆ ಸೋರಿಕೆ, ಸುಟ್ಟ ವಾಸನೆ ಎರಡೂ ಗೊತ್ತಾಗುತ್ತವೆ.

ಚಿಕ್ಕಪೇಟೆ, ಎಸ್.ಪಿ. ರೋಡು

ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆಗೇ ಇಳಿಯಬಹುದು. ಪಾರ್ಕಿಂಗ್ ನೆಚ್ಚಿಕೊಂಡು ಗಾಡಿ ತರಬೇಡಿ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಹೋಲ್‌ಸೇಲ್ ಅಂಗಡಿಯಲ್ಲಿ ಒಂದು ಪೀಸು ಕೊಡುವುದಿಲ್ಲ, ಎಲ್ಲ ಸೈಜುಗಳ ಒಂದು ಸೆಟ್ ತೆಗೆಯಬೇಕು. ಮನೆಯ ಕಾರ್ಯಕ್ರಮಕ್ಕೆ ಹತ್ತಿಪ್ಪತ್ತು ಕಣ, ಪಂಚೆ, ಟವೆಲ್ ಬೇಕಿದ್ದಾಗ ಮಾತ್ರ ಅದು ಲಾಭ.

ಚೌಕಾಸಿ ಮಾಡುವ ಕಡೆ ಮೊದಲು ಮೂರು ಅಂಗಡಿಯಲ್ಲಿ ಬರೀ ಬೆಲೆ ಕೇಳಿ ಬನ್ನಿ. ಮೂರನೆಯ ಅಂಗಡಿಯ ಹೊತ್ತಿಗೆ ನಿಜವಾದ ಬೆಲೆ ಎಲ್ಲಿದೆ ಎಂದು ತಿಳಿದಿರುತ್ತದೆ. ಬೆಳಿಗ್ಗೆ ಬೋಣಿ ಹೊತ್ತಿನಲ್ಲಿ ಹೋದರೆ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಮನಸ್ಸಾಗುವುದಿಲ್ಲ. ಹಾಗೆಂದು ಕೊಳ್ಳುವ ಮನಸ್ಸಿಲ್ಲದೆ ಬೋಣಿ ಹೊತ್ತಿನಲ್ಲಿ ಎಲ್ಲ ಬಿಚ್ಚಿಸಿ ಹೊರಟುಹೋಗಬೇಡಿ, ಬೈಸಿಕೊಳ್ಳುತ್ತೀರಿ. ‘ಅಣ್ಣಾ, ಎರಡು ತಗೊಂಡ್ರೆ ಎಷ್ಟಕ್ಕೆ ಕೊಡ್ತೀರಾ?’ ಎಂಬ ಪ್ರಶ್ನೆ ‘ಕಮ್ಮಿ ಮಾಡಿ’ ಎನ್ನುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕಂಪ್ಯೂಟರ್, ಎಲೆಕ್ಟ್ರಾನಿಕ್ ಸಾಮಾನಿನ ಎಸ್.ಪಿ. ರೋಡಿನಲ್ಲಿ ಬಿಲ್ಲಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು ಎಂದರೆ ವ್ಯತ್ಯಾಸ ಜಿಎಸ್‌ಟಿಯದು. ಕೇಬಲ್ಲು, ಸ್ಕ್ರೂಡ್ರೈವರಿಗೇ ಆಗಲಿ ಬಿಲ್ ಬಿಡುವುದು ಸರಿಯಲ್ಲ. ಹಾರ್ಡ್ ಡಿಸ್ಕ್, ಮದರ್‌ಬೋರ್ಡಿಗಂತೂ ಬಿಲ್ಲಿಲ್ಲದೆ ವಾರಂಟಿ ಸಿಗುವುದೇ ಕಷ್ಟ. ತೀರ ಅಗ್ಗದ ಪೆನ್‌ಡ್ರೈವ್, ಮೆಮೊರಿ ಕಾರ್ಡು 512 ಜಿಬಿ ಎಂದು ತೋರಿಸಿದರೂ ಒಳಗೆ 32 ಜಿಬಿ ಮಾತ್ರ ಇರುವುದುಂಟು. ಅದು ತುಂಬಿದ ಮೇಲೆ ಹಾಕಿದ ಫೋಟೋಗಳೆಲ್ಲ ಕೆಟ್ಟುಹೋಗುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಪೂರ್ತಿ ತುಂಬಿಸಿ, ಓದಿ, ನಿಜವಾದ ಅಳತೆ ಹೇಳುತ್ತದೆ. ತಂದ ದಿನವೇ ಓಡಿಸಿ.

ಬಿಲ್ಲು

ಕೌಂಟರು ಬಿಡುವ ಮುಂಚೆ ಬಿಲ್ಲನ್ನು ಸಾಲುಸಾಲಾಗಿ ನೋಡಿ. ಶೆಲ್ಫಿನ ಚೀಟಿ ಬದಲಿಸಿ ಕಂಪ್ಯೂಟರಿನಲ್ಲಿ ಬದಲಿಸದಿದ್ದರೆ ಹಳೆಯ ಬೆಲೆಯೇ ಬೀಳುತ್ತದೆ, ಆಫರಿಗೆ ಮೊಬೈಲ್ ನಂಬರ್ ಕೊಡಬೇಕಿದ್ದರೆ ಕೊಡದವರಿಗೆ ರಿಯಾಯಿತಿ ಬೀಳುವುದಿಲ್ಲ. ಶೆಲ್ಫಿನ ಚೀಟಿಯ ಫೋಟೋ ತೆಗೆದಿಟ್ಟುಕೊಂಡಿದ್ದರೆ ಮಾತು ಬೇಗ ಮುಗಿಯುತ್ತದೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದರ ಮೇಲೆ ರಿಯಾಯಿತಿ ಕೊಟ್ಟು, ರಿಯಾಯಿತಿ ಬೆಲೆಗೆ ಮತ್ತೆ ತೆರಿಗೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಮೊದಲೇ ತಿಳಿಸದೆ ಕೌಂಟರಿನಲ್ಲಿ ಕ್ಯಾರಿ ಬ್ಯಾಗಿಗೆ ದುಡ್ಡು ಹಾಕುವುದರ ವಿರುದ್ಧವೂ ಅದೇ ಆಯೋಗ 2020ರಲ್ಲಿ ಆದೇಶ ಕೊಟ್ಟಿದೆ. ಪ್ಯಾಕೆಟ್ಟಿನ ಮೇಲೆ ಬೆಲೆ ಇಳಿಸುವ ಸ್ಟಿಕ್ಕರ್ ಅಂಟಿಸಬಹುದು, ಆದರೆ ಅದು ಮೂಲ ಎಂಆರ್‌ಪಿಯನ್ನು ಮುಚ್ಚುವಂತಿಲ್ಲ. ಏರಿಸುವ ಸ್ಟಿಕ್ಕರ್ ಅಂಟಿಸುವಂತೆಯೇ ಇಲ್ಲ. ಸ್ಟಿಕ್ಕರ್ ಕಂಡರೆ ಉಗುರಿನಿಂದ ಎತ್ತಿ ನೋಡಿ.

ಬಿಲ್ಲಿನ ಕಾಗದ ಥರ್ಮಲ್ ಆದ್ದರಿಂದ ಕೆಲವು ತಿಂಗಳಲ್ಲಿ ಅಕ್ಷರ ಅಳಿಸಿಹೋಗುತ್ತದೆ. ಅಂದೇ ಫೋಟೋ ತೆಗೆದಿಡಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸು ಪಡೆದು ದುಡ್ಡು ಮರಳಿಸಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಸೈಜು ಆಗಲಿಲ್ಲ, ಬಣ್ಣ ಮೆಚ್ಚಲಿಲ್ಲ ಎಂಬುದು ಇದರಲ್ಲಿ ಬರುವುದಿಲ್ಲ. ‘ಸೆಕೆಂಡ್ಸ್’ ಎಂದು ಹೇಳಿ, ದೋಷ ತೋರಿಸಿ ಮಾರಿದ್ದರೆ ಆ ದೋಷಕ್ಕೆ ವಾದಿಸುವುದೂ ಕಷ್ಟ.

ಅಂಗಡಿಯ ಮ್ಯಾನೇಜರ್ ಬಳಿ ಬಗೆಹರಿಯದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡದ್ದು, ತೂಕ ಕಡಿಮೆ, ಸ್ಟಿಕ್ಕರಿನ ಮೋಸ ಇವು ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಸೇರಿದವು. ಗ್ರಾಹಕ ಆಯೋಗಕ್ಕೇ ಹೋಗುವುದಾದರೆ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ಮಾಲಿಗೆ ಕೊಟ್ಟ ದುಡ್ಡು ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಬಿಲ್ಲಿನ ಫೋಟೋ, ಮಾಲಿನ ಫೋಟೋ, ಅಂಗಡಿಗೆ ಮೊದಲು ಕಳಿಸಿದ ಇಮೇಲ್ ಅಥವಾ ಪತ್ರದ ನಕಲು, ಈ ಮೂರನ್ನೂ ಜೊತೆಗೆ ಲಗತ್ತಿಸಿ.